ಒಂದೇ ಪ್ರೊಟೀನ್ ಇಲ್ಲದಿದ್ದರೆ ಇಷ್ಟೆಲ್ಲ ತೊಂದರೆ ಯಾಕೆ?

ಪ್ರಶ್ನೆ: ಮೇಡಂ, ನಾನು ಮುಧೋಳ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕ. ನನ್ನ ತಂಗಿಯ ಮಗನಿಗೆ ಈಗ ಎರಡು ವರ್ಷ. ಹುಟ್ಟಿದ ಕೆಲವೇ ವಾರಗಳಲ್ಲಿ ಮಲದಲ್ಲಿ ರಕ್ತ ಬಂತು. ಆಮೇಲೆ ಮೈಮೇಲೆ ಇಸಬು, ಪದೇ ಪದೇ ಕಿವಿ ಸೋರುವುದು. ಪ್ಲೇಟ್‌ಲೆಟ್ ಯಾವಾಗ ನೋಡಿದರೂ 20–30 ಸಾವಿರ. ಮೊದಲು ಡೆಂಗಿ ಅಂದರು, ಆಮೇಲೆ ಐಟಿಪಿ (ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುವ ಕಾಯಿಲೆ) ಅಂದರು. ಈಗ ಜೀನ್ ಪರೀಕ್ಷೆಯಾದ ಮೇಲೆ ವಿಸ್ಕಾಟ್–ಆಲ್ಡ್ರಿಚ್ ಸಿಂಡ್ರೋಮ್ ಎಂದಿದ್ದಾರೆ. ‘ಹೊರಗಿನ ಸಂಕೇತವನ್ನು ಜೀವಕೋಶದ ಆಕ್ಟಿನ್ ಚೌಕಟ್ಟಿಗೆ ಮುಟ್ಟಿಸುವ ಪ್ರೊಟೀನ್ ಇವನ ರಕ್ತಕಣಗಳಲ್ಲಿ ಇಲ್ಲ’ ಎಂದು ಡಾಕ್ಟರು ಹೇಳಿದರು. ಒಂದು ಪ್ರೊಟೀನ್ ಇಲ್ಲದಿದ್ದರೆ ಇಷ್ಟೆಲ್ಲ ಹೇಗೆ ಆಗುತ್ತದೆ? ಅದನ್ನೇ ಔಷಧಿಯಾಗಿ ಕೊಡಲು ಬರುವುದಿಲ್ಲವೇ? ಇನ್ನೊಂದು ಮಾತು. ತಂಗಿಯನ್ನು ನಮ್ಮ ಸೋದರಮಾವನಿಗೇ ಕೊಟ್ಟಿದ್ದೇವೆ. ‘ಸಂಬಂಧದಾಗ ಮಾಡಿದ್ದಕ್ಕ ಹಿಂಗಾತು’ ಎಂದು ಮನೆಯಲ್ಲಿ ದಿನಾ ಅನ್ನುತ್ತಾರೆ. ನಮ್ಮ ಅಜ್ಜಿಯ ಇಬ್ಬರು ಗಂಡುಮಕ್ಕಳು ಎಳೆ ವಯಸ್ಸಿನಲ್ಲೇ ರಕ್ತಬೇದಿಯಾಗಿ ತೀರಿಕೊಂಡಿದ್ದರಂತೆ. ತಂಗಿಯ ದೊಡ್ಡ ಮಗಳಿಗೆ ಆರು ವರ್ಷ, ಆರೋಗ್ಯವಾಗಿದ್ದಾಳೆ.

ಉತ್ತರ: ಸರ್, ನಿಮ್ಮ ಮನೆಯಲ್ಲಿ ದಿನಾ ನಡೆಯುವ ಆ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಮಿಕ್ಕಿದ್ದಕ್ಕಿಂತ ಅದೇ ತುರ್ತಿನದು. ಈ ಕಾಯಿಲೆಗೂ ಸೋದರಮಾವನ ಜೊತೆ ಮದುವೆಯಾಗಿದ್ದಕ್ಕೂ ಸಂಬಂಧವಿಲ್ಲ. ನಿಮ್ಮ ತಂಗಿ ಊರಾಚೆಯ ಯಾರನ್ನು ಮದುವೆಯಾಗಿದ್ದರೂ ಮಗನಿಗೆ ಇದು ಬರುವ ಸಾಧ್ಯತೆ ಇಷ್ಟೇ ಇರುತ್ತಿತ್ತು. ಕಾರಣವನ್ನು ಆಮೇಲೆ ಬಿಡಿಸಿ ಹೇಳುತ್ತೇನೆ. ಇಷ್ಟನ್ನು ಮಾತ್ರ ಇವತ್ತೇ ಮನೆಯಲ್ಲಿ ಹೇಳಿಬಿಡಿ.

ಈಗ ಪ್ರೊಟೀನ್ ವಿಷಯ. ನಾನು ಬೆಳಗಾವಿಯಲ್ಲಿ ರಕ್ತದ ಸ್ಲೈಡ್ ನೋಡುವ, ಅದನ್ನು ವಿದ್ಯಾರ್ಥಿಗಳಿಗೂ ಕಲಿಸುವ ಪೆಥಾಲಜಿಸ್ಟ್. ನೀವು ವಿಜ್ಞಾನ ಕಲಿಸುವವರು, ಹಾಗಾಗಿ ಸ್ವಲ್ಪ ಒಳಗೇ ಕರೆದೊಯ್ಯುತ್ತೇನೆ.

ಜೀವಕೋಶದೊಳಗೆ ಆಕ್ಟಿನ್ ಅನ್ನುವ ಪ್ರೊಟೀನ್ ರಾಶಿ ರಾಶಿ ಇರುತ್ತದೆ. ಬಿಡಿ ಅಣುಗಳಾಗಿ ತೇಲಾಡುತ್ತಿರುತ್ತದೆ. ಬೇಕಾದಾಗ ಒಂದಕ್ಕೊಂದು ಪೋಣಿಸಿಕೊಂಡು ಎಳೆಯಾಗುತ್ತದೆ. ಎಳೆಯ ದಪ್ಪ ಸುಮಾರು 7 ನ್ಯಾನೊಮೀಟರ್, ಅಂದರೆ ತಲೆಗೂದಲಿನ ಹತ್ತು ಸಾವಿರದಲ್ಲಿ ಒಂದು ಪಾಲು. ಕೆಲಸ ಮುಗಿದರೆ ಬಿಚ್ಚಿಕೊಂಡು ಮತ್ತೆ ಬಿಡಿ ಅಣುಗಳಾಗುತ್ತದೆ. ಎಲುಬಿನ ಹಾಗೆ ಒಮ್ಮೆ ಕೂತರೆ ಕೂತೇ ಇರುವಂಥದ್ದಲ್ಲ. ನಮ್ಮ ಮದುವೆ ಮನೆಯ ಹಂದರದ ಹಾಗೆ: ಬೇಕಾದಲ್ಲಿ ಹಾಕು, ಮುಗಿದ ಮೇಲೆ ಬಿಚ್ಚು, ಅದೇ ಕಂಬ ಅದೇ ಗಳ ಇನ್ನೊಂದು ಕಡೆ ನಡೆ. ಬಿಳಿ ರಕ್ತಕಣ ಮುಂದೆ ಸಾಗುವುದು ಹೀಗೆಯೇ. ಮುಂದಿನ ಅಂಚಿನಲ್ಲಿ ಆಕ್ಟಿನ್ ಎಳೆಗಳನ್ನು ಕಟ್ಟುತ್ತಾ, ಹಿಂದೆ ಬಿಚ್ಚುತ್ತಾ ಹೋಗುತ್ತದೆ.

ಹಾಗಾದರೆ ಎಲ್ಲಿ ಕಟ್ಟಬೇಕು, ಯಾವಾಗ ಕಟ್ಟಬೇಕು ಎಂದು ಹೇಳುವವರು ಯಾರು? ಸುದ್ದಿ ಬರುವುದು ಕೋಶದ ಮೇಲ್ಮೈಗೆ. ಅಲ್ಲಿನ ಗ್ರಾಹಕಗಳಿಗೆ ಬ್ಯಾಕ್ಟೀರಿಯಾದ ತುಣುಕೋ ಬೇರೆ ಕೋಶ ಕಳಿಸಿದ ರಾಸಾಯನಿಕವೋ ಅಂಟುತ್ತದೆ. ಒಳಗೆ ರೋ, ರ‍್ಯಾಕ್, ಸಿಡಿಸಿ42 ಎಂಬ ಸಣ್ಣ ಪ್ರೊಟೀನುಗಳಿವೆ. ಜಿಟಿಪಿ ಎಂಬ ಪುಟ್ಟ ಅಣುವನ್ನು ಹಿಡಿದಾಗ ಆನ್, ಅದು ಜಿಡಿಪಿ ಆದಾಗ ಆಫ್. ಲಂಡನ್ನಿನಲ್ಲಿ ಅಲನ್ ಹಾಲ್ ಮತ್ತು ಅವರ ಸಂಗಡಿಗರು ಇವನ್ನು ಒಂದೊಂದಾಗಿ ಕೋಶಗಳೊಳಗೆ ಚುಚ್ಚಿ ನೋಡಿದರು. 1992ರಲ್ಲಿ ಕಂಡದ್ದು: ರೋ ಹಾಕಿದರೆ ಕೋಶದ ಉದ್ದಕ್ಕೂ ದಪ್ಪ ಆಕ್ಟಿನ್ ಕಟ್ಟುಗಳು, ರ‍್ಯಾಕ್ ಹಾಕಿದರೆ ಅಂಚಿನಲ್ಲಿ ನೆರಿಗೆ. 1995ರಲ್ಲಿ ಸಿಡಿಸಿ42 ಹಾಕಿದಾಗ ಬೆರಳಿನಂಥ ತೆಳು ಚಾಚುಗಳು. ಒಂದು ಸಣ್ಣ ಪ್ರೊಟೀನ್ ಇಡೀ ಕೋಶದ ಆಕಾರವನ್ನೇ ಬದಲಿಸುವುದು ಕಣ್ಣಿಗೆ ಕಂಡಿತು. ನನಗೆ ಇವತ್ತಿಗೂ ಇದು ಕೋಶ ವಿಜ್ಞಾನದ ಅತಿ ಚೆಂದದ ಪ್ರಯೋಗಗಳಲ್ಲಿ ಒಂದು.

ಆದರೆ ಸಿಡಿಸಿ42 ತಾನೇ ಹೋಗಿ ಆಕ್ಟಿನ್ ಕಟ್ಟುವುದಿಲ್ಲ. ಕಟ್ಟುವ ಕೆಲಸಕ್ಕೆ ಬೇರೆ ಯಂತ್ರವಿದೆ. ಏಳು ಪ್ರೊಟೀನುಗಳು ಸೇರಿ ಆದ ಅದರ ಹೆಸರು ಆರ್ಪ್2/3. ಹಳೆಯ ಎಳೆಯ ಪಕ್ಕದಲ್ಲಿ ಕೂತು, ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಹೊರಡಿಸುತ್ತದೆ. ಇದೂ ತಾನಾಗಿ ಚುರುಕಾಗುವುದಿಲ್ಲ, ಯಾರಾದರೂ ಎಬ್ಬಿಸಬೇಕು. ಸುದ್ದಿ ತಂದ ಸಿಡಿಸಿ42 ಒಂದು ಕಡೆ, ಕೆಲಸಕ್ಕೆ ಕಾದಿರುವ ಆರ್ಪ್2/3 ಇನ್ನೊಂದು ಕಡೆ. ನಡುವಿನ ಕೊಂಡಿಯೇ ನಿಮ್ಮ ಅಳಿಯನಲ್ಲಿ ಇಲ್ಲದಿರುವ ಪ್ರೊಟೀನ್, ವಾಸ್ಪ್. 502 ಅಮೈನೊ ಆಮ್ಲಗಳ ಒಂದು ಸರ.

ವಾಸ್ಪ್ ಕೆಲಸ ಮಾಡುವ ರೀತಿ ನೋಡಬೇಕು ಸರ್. ಅದರ ಬಾಲದ ತುದಿಗೆ ಎರಡು ಹಿಡಿಗಳಿವೆ. ಒಂದು ಬಿಡಿ ಆಕ್ಟಿನ್ ಅಣುವನ್ನು ಹಿಡಿಯುತ್ತದೆ, ಇನ್ನೊಂದು ಆರ್ಪ್2/3ನ್ನು. ಎರಡನ್ನೂ ಹತ್ತಿರ ತಂದರೆ ಹೊಸ ಕವಲು ಶುರು. ಸುದ್ದಿ ಇಲ್ಲದ ಹೊತ್ತಿನಲ್ಲಿ ಮಾತ್ರ ವಾಸ್ಪ್ ಈ ಬಾಲವನ್ನು ತನ್ನ ನಡುಭಾಗದೊಳಗೇ ಮಡಚಿ ಇಟ್ಟುಕೊಂಡಿರುತ್ತದೆ. ಹಿಡಿ ಯಾರಿಗೂ ಸಿಗುವುದಿಲ್ಲ. ಜಿಟಿಪಿ ಹಿಡಿದ ಸಿಡಿಸಿ42 ಬಂದು ಅದೇ ನಡುಭಾಗಕ್ಕೆ ಅಂಟಿದಾಗ ಬಾಲ ಬಿಚ್ಚಿಕೊಳ್ಳುತ್ತದೆ. ಜೊತೆಗೆ ಕೋಶದ ಪೊರೆಯಲ್ಲಿರುವ ಪಿಪ್2 ಎಂಬ ಕೊಬ್ಬಿನ ಅಣುವೂ ಕೈ ಜೋಡಿಸುತ್ತದೆ. ಸರದ 291ನೇ ಜಾಗದಲ್ಲಿರುವ ಟೈರೋಸಿನ್ ಎಂಬ ಅಮೈನೊ ಆಮ್ಲಕ್ಕೆ ಫಾಸ್ಫೇಟ್ ಸೇರಿದರೆ ಬಾಲ ಇನ್ನೂ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಸುದ್ದಿ ಕೇಳಿ ಸುಮ್ನೆ ಎದ್ದುಬಿಡುವ ಪ್ರೊಟೀನ್ ಅಲ್ಲ ಇದು. ಎರಡು ಮೂರು ಕಡೆಯಿಂದ ಒಂದೇ ಮಾತು ಬಂದಾಗ, ಆ ಮಾತು ಬಂದ ಜಾಗದಲ್ಲೇ, ಪೊರೆಯ ಪಕ್ಕದಲ್ಲೇ ಕವಲು ಹೊರಡಿಸುತ್ತದೆ.

ಈ ಮಡಚಿಕೊಳ್ಳುವಿಕೆ ಎಷ್ಟು ಮುಖ್ಯ ಎಂಬುದಕ್ಕೆ ಇನ್ನೊಂದು ಕಾಯಿಲೆಯೇ ಸಾಕ್ಷಿ. ಕೆಲವು ಕುಟುಂಬಗಳಲ್ಲಿ 270ನೇ ಜಾಗದ ಲ್ಯೂಸಿನ್ ಬದಲು ಪ್ರೋಲಿನ್ ಬಂದಿರುತ್ತದೆ. ಆಗ ಬಾಲ ಮಡಚಿ ನಿಲ್ಲುವುದೇ ಇಲ್ಲ, ವಾಸ್ಪ್ ಸದಾ ಆನ್. ಪ್ರೊಟೀನ್ ಇದೆ, ಕೆಲಸವನ್ನೂ ಜಾಸ್ತಿಯೇ ಮಾಡುತ್ತದೆ. ಆದರೂ ಆ ಮಕ್ಕಳಿಗೆ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ತೀರಾ ಕಡಿಮೆಯಾಗಿ ಸೋಂಕು ಹತ್ತುತ್ತದೆ. ಹೇಳಿದಾಗ ಏಳಬೇಕು, ಹೇಳದಿದ್ದಾಗ ಮಲಗಿರಬೇಕು. ಎರಡೂ ಸರಿಯಾಗಿದ್ದರೇ ರಕ್ತಕಣ ಸರಿ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ವಾಸ್ಪ್ ಇರುವುದು ರಕ್ತಕಣಗಳಲ್ಲಿ ಮಾತ್ರ. ಬೇರೆ ಕೋಶಗಳಲ್ಲಿ ಎನ್-ವಾಸ್ಪ್, ವೇವ್ ಎಂಬ ಅದರ ಬಂಧುಗಳಿವೆ. ಹಾಗಾಗಿ ಮಗುವಿನ ಮೆದುಳು, ಹೃದಯ, ಸ್ನಾಯು ಎಲ್ಲ ಚೆನ್ನಾಗಿವೆ. ತೊಂದರೆ ಎಲ್ಲ ರಕ್ತಕಣಗಳ ಕೆಲಸದಲ್ಲಿ. ಆ ಕೆಲಸಗಳು ಬೇರೆ ಬೇರೆ, ಅದಕ್ಕೇ ತೊಂದರೆಗಳೂ ಬೇರೆ ಬೇರೆಯಾಗಿ ಕಾಣುತ್ತವೆ.

ಇದನ್ನು ಅರ್ಥಮಾಡಿಸಲು ನನ್ನ ವಿದ್ಯಾರ್ಥಿಗಳಿಗೆ 1998ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹೇಳುತ್ತೇನೆ. ಈ ಕಾಯಿಲೆಯ ರೋಗಿಗಳಿಂದ ಮ್ಯಾಕ್ರೊಫೇಜ್ ಎಂಬ, ಬ್ಯಾಕ್ಟೀರಿಯಾ ನುಂಗುವ ಕಣಗಳನ್ನು ತೆಗೆದು, ಅವನ್ನು ಸೆಳೆಯುವ ರಾಸಾಯನಿಕವನ್ನು ಒಂದು ಕಡೆಯಿಂದ ಹರಿಯಬಿಟ್ಟು, ಗಂಟೆಗಟ್ಟಲೆ ಚಿತ್ರ ತೆಗೆದರು. ಆರೋಗ್ಯವಂತರ ಕಣಗಳು ಆ ರಾಸಾಯನಿಕದ ಕಡೆಗೇ ಹೊರಟವು. ರೋಗಿಗಳ ಕಣಗಳೂ ನಡೆದವು, ವೇಗವೂ ಮಾಮೂಲೇ. ಆದರೆ ದಿಕ್ಕಿರಲಿಲ್ಲ. ಮನಸ್ಸಿಗೆ ಬಂದ ಕಡೆ ಅಲೆದವು. ಅಂದರೆ ನಡೆಯುವ ಶಕ್ತಿ ಹೋಗಿರಲಿಲ್ಲ, ಆಕ್ಟಿನ್ ಕೂಡ ಇತ್ತು. ಮೇಲ್ಮೈಗೆ ಸುದ್ದಿಯೂ ಬಂದಿತ್ತು. ಸುದ್ದಿಯನ್ನು ನಡಿಗೆಗೆ ಸೇರಿಸುವ ಕೊಂಡಿ ಮಾತ್ರ ಇರಲಿಲ್ಲ. ಡಾಕ್ಟರು ಹೇಳಿದ ಆ ಒಂದು ವಾಕ್ಯದ ಪೂರ್ತಿ ಅರ್ಥ ಇದೇ.

ಸೋಂಕಿನ ಜೊತೆ ಹೋರಾಡುವ ಟಿ ಮತ್ತು ಬಿ ಎಂಬ ಬಿಳಿ ರಕ್ತಕಣಗಳ ಕಥೆಯೂ ಇಂಥದ್ದೇ. ಸೋಂಕು ತಗುಲಿದ ಕೋಶವನ್ನು ಗುರುತಿಸಿದಾಗ ಟಿ ಕಣ ಅದಕ್ಕೆ ಅಗಲವಾಗಿ ಒತ್ತಿಕೊಂಡು ನಿಲ್ಲಬೇಕು. ಆ ಒತ್ತಿದ ಜಾಗದಲ್ಲಿ ಆಕ್ಟಿನ್ ದಟ್ಟವಾಗಿ ಕಟ್ಟಿಕೊಂಡರೇ ಹಿಡಿತ ನಿಲ್ಲುವುದು, ಮುಂದಿನ ಸಂಕೇತ ಸಾಗುವುದು. ವಾಸ್ಪ್ ಇಲ್ಲದಿದ್ದರೆ ಹಿಡಿತ ಸಡಿಲ. ಬಿ ಕಣಗಳು ನ್ಯೂಮೊಕಾಕಸ್‌ನಂಥ ಕವಚವಿರುವ ಬ್ಯಾಕ್ಟೀರಿಯಾಗಳಿಗೆ ಸರಿಯಾದ ಪ್ರತಿಕಾಯ ಮಾಡುವುದಿಲ್ಲ. ಕಿವಿ ಮತ್ತೆ ಮತ್ತೆ ಸೋರುವುದು ಇದರಿಂದ. ರೋಗನಿರೋಧಕ ವ್ಯವಸ್ಥೆಗೆ ಲಗಾಮು ಹಾಕುವ ಟಿ ಕಣಗಳೂ ಇವೆ. ಅವೂ ದುರ್ಬಲವಾಗುವುದರಿಂದ ದೇಹ ತನ್ನ ಮೇಲೇ ತಿರುಗಿ ಬೀಳುತ್ತದೆ. ಚರ್ಮದ ಇಸಬಿಗೂ ಈ ಏರುಪೇರಿಗೂ ನಂಟಿದೆ.

ಪ್ಲೇಟ್‌ಲೆಟ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದು ನನ್ನ ಮೇಜಿನ ಮೇಲೆ ದಿನಾ ನೋಡುವ ವಸ್ತು. ಸ್ಲೈಡಿನಲ್ಲಿ ಕೆಂಪು ಕಣ ಸುಮಾರು 7 ಮೈಕ್ರೊಮೀಟರ್ ಅಗಲ. ಮಾಮೂಲಿ ಪ್ಲೇಟ್‌ಲೆಟ್ ಅದರ ಪಕ್ಕ 2–3 ಮೈಕ್ರೊಮೀಟರಿನ ನೇರಳೆ ಚುಕ್ಕೆ, ಒಳಗೆ ಸಣ್ಣ ಹರಳು ಹರಳಾಗಿ ಕಾಣುತ್ತದೆ. ಈ ಮಕ್ಕಳ ಸ್ಲೈಡಿನಲ್ಲಿ ಚುಕ್ಕೆಗಳು ಕಡಿಮೆ, ಇರುವವೂ ಪುಟ್ಟ ಪುಟ್ಟವು. ಬಣ್ಣದ ಕಸವೋ ಎಂದು ಕಣ್ಣು ದಾಟಿಹೋಗುವಷ್ಟು ಪುಟ್ಟವು. ಡೆಂಗಿಯಲ್ಲಾಗಲಿ ಐಟಿಪಿಯಲ್ಲಾಗಲಿ ಹೀಗಿರುವುದಿಲ್ಲ. ಐಟಿಪಿಯಲ್ಲಿ ಸಾಮಾನ್ಯವಾಗಿ ದೊಡ್ಡ ಪ್ಲೇಟ್‌ಲೆಟ್‌ಗಳೇ ಕಾಣುತ್ತವೆ. ನಿಮ್ಮ ಹತ್ತಿರ ಇರುವ ಹಳೆಯ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಗಳನ್ನು ತೆಗೆದು ನೋಡಿ, ಪ್ಲೇಟ್‌ಲೆಟ್ ಸಂಖ್ಯೆಯ ಕೆಳಗೆ ಎಂಪಿವಿ ಎಂಬ ಸಾಲು ಇರುತ್ತದೆ. ಪ್ಲೇಟ್‌ಲೆಟ್‌ನ ಸರಾಸರಿ ಗಾತ್ರ ಅದು. ಸಾಮಾನ್ಯವಾಗಿ 7ರಿಂದ 11ರ ಆಸುಪಾಸು. ಈ ಕಾಯಿಲೆಯಲ್ಲಿ 5ರ ಹತ್ತಿರ ಅಥವಾ ಅದಕ್ಕಿಂತ ಕೆಳಗೆ. ಸಂಖ್ಯೆ ತೀರಾ ಕಡಿಮೆಯಿದ್ದರೆ ಕೆಲವು ಯಂತ್ರಗಳು ಆ ಸಾಲನ್ನು ಖಾಲಿ ಬಿಡುತ್ತವೆ, ಆಗ ಸ್ಲೈಡ್ ನೋಡಲೇಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಪ್ಲೇಟ್‌ಲೆಟ್ ಇಳಿದರೆ ಎಲ್ಲರ ಬಾಯಲ್ಲೂ ಡೆಂಗಿ, ಎಲ್ಲರ ಕೈಯಲ್ಲೂ ಪಪ್ಪಾಯಿ ಎಲೆಯ ರಸ. ಆದರೆ ಡೆಂಗಿಯಲ್ಲಿ ಇಳಿದ ಪ್ಲೇಟ್‌ಲೆಟ್ ವಾರ ಹತ್ತು ದಿನದಲ್ಲಿ ಏರುತ್ತದೆ. ತಿಂಗಳುಗಟ್ಟಲೆ ಏರದಿದ್ದರೆ, ಮಗು ಗಂಡಾಗಿದ್ದರೆ, ಜೊತೆಗೆ ಇಸಬು ಇದ್ದರೆ, ಎಂಪಿವಿ ನೋಡಿ ಎಂದು ಪ್ರತಿ ತಾಲ್ಲೂಕಿನ ಲ್ಯಾಬಿಗೂ ಹೇಳಬೇಕು ಅನ್ನಿಸುತ್ತದೆ ನನಗೆ.

ಪ್ಲೇಟ್‌ಲೆಟ್ ಯಾಕೆ ಪುಟ್ಟದಾಗುತ್ತದೆ? ಎಲುಬಿನ ಮಜ್ಜೆಯಲ್ಲಿರುವ ದೈತ್ಯ ಕಣವೊಂದು ತನ್ನ ಉದ್ದ ಚಾಚುಗಳನ್ನು ರಕ್ತನಾಳದೊಳಗೆ ಚಾಚಿ, ಅಲ್ಲಿ ತುಂಡು ತುಂಡಾಗಿ ಪ್ಲೇಟ್‌ಲೆಟ್ ಬಿಡುತ್ತದೆ. ಆಕ್ಟಿನ್ ಹದ ತಪ್ಪಿದರೆ ಈ ಬಿಡುಗಡೆಯೂ ಹದ ತಪ್ಪುತ್ತದೆ. ಹೊರಗೆ ಬಂದ ಪ್ಲೇಟ್‌ಲೆಟ್‌ಗಳನ್ನು ಗುಲ್ಮ (ಸ್ಪ್ಲೀನ್) ಬೇಗ ಹಿಡಿದು ನಾಶ ಮಾಡುತ್ತದೆ. ಗುಲ್ಮ ತೆಗೆದರೆ ಸಂಖ್ಯೆಯೂ ಗಾತ್ರವೂ ಏರುತ್ತವೆ. ಆದರೆ ಮೊದಲೇ ಸೋಂಕಿಗೆ ತುತ್ತಾಗುವ ಮಗುವಿನಲ್ಲಿ ಗುಲ್ಮವೂ ಇಲ್ಲದಿದ್ದರೆ ರಕ್ತಕ್ಕೇ ಸೋಂಕು ಏರುವ ಅಪಾಯ ದೊಡ್ಡದು. ಯಾರಾದರೂ ಹಾಗೆ ಸಲಹೆ ಕೊಟ್ಟರೆ ಕಾಯಿಲೆ ತಿಳಿದ ರಕ್ತರೋಗ ತಜ್ಞರನ್ನು ಕೇಳದೆ ಒಪ್ಪಬೇಡಿ.

ಇನ್ನು ಮದುವೆ ಮಾತು. 1937ರಲ್ಲಿ ಜರ್ಮನಿಯ ಮಕ್ಕಳ ವೈದ್ಯ ಆಲ್‌ಫ್ರೆಡ್ ವಿಸ್ಕಾಟ್ ಒಂದೇ ಮನೆಯ ಮೂವರು ಅಣ್ಣತಮ್ಮಂದಿರ ಬಗ್ಗೆ ಬರೆದರು. ರಕ್ತಬೇದಿ, ಇಸಬು, ಕಿವಿ ಸೋರುವುದು. ಅಕ್ಕತಂಗಿಯರಿಗೆ ಏನೂ ಇರಲಿಲ್ಲ. ನಿಮ್ಮ ಅಜ್ಜಿಯ ಮನೆಯ ಕಥೆಯನ್ನು ಇದರ ಪಕ್ಕ ಇಟ್ಟು ನೋಡಿ. 1954ರಲ್ಲಿ ಅಮೆರಿಕದ ರಾಬರ್ಟ್ ಆಲ್ಡ್ರಿಚ್ ಒಂದು ದೊಡ್ಡ ಕುಟುಂಬದ ತಲೆಮಾರುಗಳನ್ನು ಬರೆದಿಟ್ಟು, ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ ಎಂದು ತೋರಿಸಿದರು. 1994ರಲ್ಲಿ ಜೀನ್ ಸಿಕ್ಕಿತು, ಎಕ್ಸ್ ಕ್ರೋಮೋಸೋಮಿನ ಮೇಲೆ.

ಗಂಡುಮಗುವಿಗೆ ಎಕ್ಸ್ ಸಿಗುವುದು ತಾಯಿಯಿಂದ ಮಾತ್ರ. ತಂದೆ ಕೊಡುವುದು ವೈ. ಹಾಗಾಗಿ ಈ ಮಗುವಿನ ವಿಷಯದಲ್ಲಿ ತಂದೆ ಸೋದರಮಾವನೋ ಪರ ಊರಿನವನೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ನೀವು ಹೇಳಿದ್ದನ್ನು ನೋಡಿದರೆ ಕೆಟ್ಟ ಜೀನ್ ನಿಮ್ಮ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ತಂಗಿಗೆ ಬಂದಿರುವ ಹಾಗಿದೆ. ಅಜ್ಜಿಯ ಮಗನೇ ಆದ ನಿಮ್ಮ ಮಾವನಿಗೆ ಒಳ್ಳೆಯ ಎಕ್ಸ್ ಸಿಕ್ಕಿದೆ, ನಿಮಗೂ ಸಿಕ್ಕಿದೆ. ನೀವಿಬ್ಬರೂ ಆರೋಗ್ಯವಾಗಿರುವುದೇ ಅದಕ್ಕೆ ಸಾಕ್ಷಿ, ನಿಮ್ಮ ಮಕ್ಕಳಿಗೆ ನಿಮ್ಮಿಂದ ಇದು ಹೋಗುವುದಿಲ್ಲ. ತಂಗಿಗೆ ಯಾಕೆ ಏನೂ ಆಗಿಲ್ಲ ಅಂದರೆ, ಅವರಿಗೆ ಎರಡು ಎಕ್ಸ್. ಹೀಗೆ ಒಂದು ಕೆಟ್ಟ ಜೀನ್ ಹೊತ್ತೂ ಆರೋಗ್ಯವಾಗಿರುವವರನ್ನು ವಾಹಕರು ಅನ್ನುತ್ತೇವೆ. ವಾಹಕ ಹೆಂಗಸರ ಮಜ್ಜೆಯಲ್ಲಿ ರಕ್ತಕಣ ಹುಟ್ಟಿಸುವ ಮೂಲಕೋಶಗಳಲ್ಲಿ ಒಳ್ಳೆಯ ಎಕ್ಸ್ ಬಳಸುವವೇ ಗೆದ್ದು ಉಳಿಯುತ್ತವೆ, ಹಾಗಾಗಿ ಅವರ ರಕ್ತಕಣಗಳಲ್ಲಿ ವಾಸ್ಪ್ ಸರಿಯಾಗಿಯೇ ಇರುತ್ತದೆ. ತಂಗಿಗೆ ಮುಂದೆ ಹುಟ್ಟುವ ಪ್ರತಿ ಗಂಡುಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಾಧ್ಯತೆಯೂ ಅಷ್ಟೇ. ನಿಮಗೆ ಬೇರೆ ತಂಗಿಯರೋ ಚಿಕ್ಕಮ್ಮಂದಿರೋ ಇದ್ದರೆ ಅವರಿಗೂ ಪರೀಕ್ಷೆ ಬೇಕು. ಗರ್ಭದಲ್ಲೇ ಪರೀಕ್ಷಿಸಲು ಭ್ರೂಣಲಿಂಗ ಕಾಯ್ದೆ ಅಡ್ಡ ಬರುತ್ತದೆ ಎಂದು ಹೆದರುವವರಿದ್ದಾರೆ. ಎಕ್ಸ್ ಮೂಲಕ ಬರುವ ಆನುವಂಶಿಕ ಕಾಯಿಲೆಯ ಪರೀಕ್ಷೆಗೆ ಆ ಕಾಯ್ದೆಯಲ್ಲೇ ಅವಕಾಶವಿದೆ, ನೋಂದಾಯಿತ ಕೇಂದ್ರದಲ್ಲಿ ಮಾತ್ರ.

ಹಾಗಂತ ಒಳಸಂಬಂಧದಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಇದೇ ಸರಪಳಿಯ ಪಕ್ಕದ ಕೊಂಡಿಗಳು ಕೆಟ್ಟರೆ ಬರುವ ಕಾಯಿಲೆಗಳಿವೆ. ಸಿಡಿಸಿ42ನ್ನು ಆನ್ ಮಾಡುವ ಡಾಕ್8, ಆರ್ಪ್2/3ರ ಒಂದು ಭಾಗವಾದ ಎಆರ್‌ಪಿಸಿ1ಬಿ, ವಾಸ್ಪ್ ಹಾಳಾಗದಂತೆ ಕಾಯುವ ವಿಪ್. ಇವುಗಳ ಜೀನ್‌ಗಳು ಎಕ್ಸ್ ಮೇಲಿಲ್ಲ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಯಿಲೆ. ಸೋದರಮಾವ ಮತ್ತು ಸೊಸೆಯ ನಡುವೆ ಕಾಲುಭಾಗ ಜೀನ್ ಒಂದೇ ಆಗಿರುತ್ತದೆ, ಹಾಗಾಗಿ ಅಂಥ ಕಾಯಿಲೆಗಳು ಒಳಸಂಬಂಧದ ಮನೆಗಳಲ್ಲಿ ಖಂಡಿತ ಜಾಸ್ತಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಈ ರೂಢಿ ಇನ್ನೂ ಇರುವುದರಿಂದ ಎರಡನ್ನೂ ಬೇರೆ ಬೇರೆ ಮಾಡಿ ಹೇಳಲೇಬೇಕು. ನಿಮ್ಮ ಮನೆಯ ಕಾಯಿಲೆ ಆ ಗುಂಪಿನದಲ್ಲ.

ಪ್ರೊಟೀನನ್ನೇ ಔಷಧಿಯಾಗಿ ಕೊಡಬಹುದೇ ಎಂದು ಕೇಳಿದ್ದೀರಿ. ಕೊಡಲಾಗುವುದಿಲ್ಲ. ಬಾಯಿಂದ ಕೊಟ್ಟರೆ ಹೊಟ್ಟೆಯಲ್ಲಿ ಬೇಳೆಯ ಪ್ರೊಟೀನಿನಂತೆ ಅದೂ ಜೀರ್ಣವಾಗುತ್ತದೆ. ಸೂಜಿಯಲ್ಲಿ ಕೊಟ್ಟರೆ ರಕ್ತದಲ್ಲಿ ಓಡಾಡುತ್ತದೆ, ಕಣದೊಳಗೆ ಹೋಗುವುದಿಲ್ಲ. ವಾಸ್ಪ್ ಇರಬೇಕಾದ್ದು ಕಣದೊಳಗೆ, ಪೊರೆಯ ಪಕ್ಕ. ಹಾಗಾಗಿ ಅದನ್ನು ತಾನೇ ಮಾಡಿಕೊಳ್ಳುವ ಕಣಗಳೇ ಬೇಕು. ಅದಕ್ಕೆ ದಾರಿ ಮಜ್ಜೆಯ ಮೂಲಕೋಶ ಕಸಿ. ಅದು ಹಿಡಿದರೆ ಪ್ಲೇಟ್‌ಲೆಟ್, ಇಸಬು, ಸೋಂಕು ಮೂರೂ ಒಟ್ಟಿಗೆ ಸರಿಯಾಗುತ್ತವೆ, ಮೂರರ ಬೇರೂ ಒಂದೇ ಅಲ್ವಾ. ಐದು ವರ್ಷದೊಳಗೆ ಮಾಡಿದರೆ ಫಲಿತಾಂಶ ಚೆನ್ನಾಗಿರುತ್ತದೆ. ಹೊಂದುವ ಒಡಹುಟ್ಟಿದವರ ಮಜ್ಜೆ ಸಿಕ್ಕರೆ, ಅನುಭವಿ ಕೇಂದ್ರಗಳಲ್ಲಿ ಹತ್ತು ಮಕ್ಕಳಲ್ಲಿ ಒಂಬತ್ತರಷ್ಟು ಉಳಿಯುತ್ತಾರೆ. ರೋಗಿಯ ಮೂಲಕೋಶಕ್ಕೇ ಸರಿಯಾದ ಜೀನ್ ಸೇರಿಸುವ ಚಿಕಿತ್ಸೆಯೂ ಬಂದಿದೆ. ಜರ್ಮನಿಯ ಮೊದಲ ಪ್ರಯತ್ನದಲ್ಲಿ ಹಲವು ಮಕ್ಕಳಿಗೆ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಬಂತು. ಆಮೇಲೆ ಬೇರೆ ಬಗೆಯ ವೈರಸ್ ವಾಹಕ ಬಳಸಿದ ಮಿಲಾನ್ ತಂಡ 2013ರಲ್ಲಿ ಮೂರು ಮಕ್ಕಳ ಒಳ್ಳೆಯ ಫಲಿತಾಂಶ ಪ್ರಕಟಿಸಿತು. ನಿಮ್ಮ ಅಳಿಯನಿಗೆ ಸದ್ಯ ಕೈಗೆ ಸಿಗುವ ದಾರಿ ಕಸಿಯೇ.

ಮಜ್ಜೆ ಹೊಂದುತ್ತದೆಯೇ ಎಂದು ನೋಡುವ ಎಚ್‌ಎಲ್‌ಎ ಪರೀಕ್ಷೆ ಆರು ವರ್ಷದ ಅಕ್ಕನಿಗೆ ಮೊದಲು ಆಗಲಿ. ಒಡಹುಟ್ಟಿದವರು ಹೊಂದುವ ಸಾಧ್ಯತೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ಒಳಸಂಬಂಧದ ಮನೆಗಳಲ್ಲಿ ತಂದೆ ತಾಯಿ, ಹತ್ತಿರದ ನೆಂಟರಲ್ಲೂ ಹೊಂದುವವರು ಸಿಗುವುದು ಜಾಸ್ತಿ. ಆದ್ದರಿಂದ ಅಕ್ಕ ಹೊಂದದಿದ್ದರೆ ಅಲ್ಲಿಗೇ ಬಿಡಬೇಡಿ, ಎಲ್ಲರ ಪರೀಕ್ಷೆ ಮಾಡಿಸಿ ಎಂದು ಕೇಳಿ. ಅಕ್ಕ ವಾಹಕಿಯೇ ಎಂಬುದನ್ನೂ ವೈದ್ಯರು ಆಗಲೇ ನೋಡುತ್ತಾರೆ.

ಅಲ್ಲಿಯವರೆಗೆ ಕೆಲವು ಎಚ್ಚರ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಆಸ್ಪಿರಿನ್ ಐಬುಪ್ರೊಫೆನ್ ಬೇಡ. ಸ್ನಾಯುವಿಗೆ ಸೂಜಿ ಹಾಕುವ ಮುನ್ನ ಪ್ಲೇಟ್‌ಲೆಟ್ ಕಡಿಮೆ ಎಂದು ಹೇಳಿ. ರಕ್ತವೋ ಪ್ಲೇಟ್‌ಲೆಟ್ಟೋ ಕೊಡಬೇಕಾದರೆ ವಿಕಿರಣ ಹಾಯಿಸಿದ್ದೇ ಬೇಕು, ಇಲ್ಲದಿದ್ದರೆ ದಾನಿಯ ಬಿಳಿ ಕಣಗಳು ಮಗುವಿನ ದೇಹದ ಮೇಲೇ ದಾಳಿ ಮಾಡಬಹುದು. ಜೀವಂತ ಲಸಿಕೆ ಯಾವುದೂ ಬೇಡ. ಪಲ್ಸ್ ಪೋಲಿಯೊ ದಿನಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಗೆ ಬಂದರೆ ಈ ಮಗುವಿಗೂ ಅವನ ಅಕ್ಕನಿಗೂ ಬಾಯಿಗೆ ಹನಿ ಹಾಕಿಸಬೇಡಿ. ಇಬ್ಬರಿಗೂ ಚುಚ್ಚುಮದ್ದಿನ ಪೋಲಿಯೊ ಲಸಿಕೆ ಬೇಕೇ ಎಂದು ವೈದ್ಯರನ್ನು ಕೇಳಿ. ಜ್ವರ ಬಂದರೆ, ತಲೆಗೆ ಪೆಟ್ಟಾದರೆ, ಮಲ ಕಪ್ಪಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಹಣದ ಮಾತು ನೀವು ಎತ್ತಿಲ್ಲ, ಆದರೂ ಹೇಳುತ್ತೇನೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ, ಕಸಿಯಿಂದ ಗುಣವಾಗುವ ಮೊದಲ ಗುಂಪಿನಲ್ಲಿ ವಿಸ್ಕಾಟ್–ಆಲ್ಡ್ರಿಚ್ ಹೆಸರು ಇದೆ. ಗೊತ್ತುಪಡಿಸಿದ ಕೇಂದ್ರದ ಮೂಲಕ ಅರ್ಜಿ ಹಾಕಿದರೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಆ ಕೇಂದ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ. ಹೋಗುವಾಗ ಜೀನ್ ವರದಿಯ ಮೂಲ ಪ್ರತಿ, ಎಂಪಿವಿ ಇರುವ ಹಳೆಯ ಸಿಬಿಸಿಗಳು, ಹಾಕಿಸಿದ ಲಸಿಕೆಗಳ ತಾಯಿ ಕಾರ್ಡ್ ಒಯ್ಯಿರಿ. ಜೊತೆಗೆ ನಿಮ್ಮ ಅಜ್ಜಿಯಿಂದ ಹಿಡಿದು ಈ ಮಗುವಿನವರೆಗೆ ಯಾರಿಗೆ ಯಾರು ಹುಟ್ಟಿದರು, ಯಾವ ಗಂಡುಮಗು ಎಷ್ಟು ವಯಸ್ಸಿಗೆ ಏನಾಗಿ ತೀರಿತು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅಲ್ಲಿನ ವೈದ್ಯರು ಮೊದಲು ಕೇಳುವುದು ಅದನ್ನೇ.